ಬೈಕಿನ ಹ್ಯಾಂಡಲ್‌ಗೆ ಸ್ಪೀಕರ್: ನಮ್ಮ ಮಳೆಗೆ, ನಮ್ಮ ಘಾಟಿಗೆ ಎಂಥದ್ದು ನಿಲ್ಲುತ್ತೆ?

ತುಂಗಾತೀರ 350:
ಎಲ್ಲರಿಗೂ ನಮಸ್ಕಾರ. ಬೈಕು 350 ಸಿಸಿ, ಸಿಂಗಲ್ ಸಿಲಿಂಡರ್, 12 ವೋಲ್ಟ್ 8 ಎಎಚ್ ಬ್ಯಾಟರಿ. ಹ್ಯಾಂಡಲ್ ದಪ್ಪ 22 ಮಿ.ಮೀ., ಮುಂದೆ ವಿಂಡ್‌ಶೀಲ್ಡ್ ಇಲ್ಲ. ಓಡಾಟ ವಾರಕ್ಕೆ ಮೂರು ಸಲ ತೀರ್ಥಹಳ್ಳಿ–ಶಿವಮೊಗ್ಗ, ತಿಂಗಳಿಗೊಮ್ಮೆ ಆಗುಂಬೆ ಇಳಿದು ಉಡುಪಿ. ಹ್ಯಾಂಡಲ್‌ಗೆ ಕಟ್ಟುವ 3 ಇಂಚಿನ ಸ್ಪೀಕರ್ ಜೋಡಿ ನೋಡಿಟ್ಟಿದ್ದೇನೆ. ಆಂಪ್ಲಿಫೈಯರ್ ಒಳಗೇ ಇದೆ, ಬ್ಲೂಟೂತ್ ಇದೆ, ಡಬ್ಬದ ಮೇಲೆ '200 ವ್ಯಾಟ್, ವಾಟರ್‌ಪ್ರೂಫ್' ಅಂತ ದೊಡ್ಡದಾಗಿ ಬರೆದಿದೆ. 70ರ ವೇಗದಲ್ಲಿ ಹಾಡು ಕೇಳುತ್ತಾ? ಬ್ಯಾಟರಿ ತಡೆಯುತ್ತಾ? ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ಮಳೆಯಲ್ಲಿ ಬದುಕುತ್ತಾ? ಕೇಳೋದು ಹೆಚ್ಚಾಗಿ ಭಾವಗೀತೆ, ತಾಳಮದ್ದಳೆ, ಬೆಳಗ್ಗೆ ಹೊತ್ತು ರೇಡಿಯೊ.

ಸಾಗರದ ಸದ್ದು:
200 ವ್ಯಾಟ್ ಅನ್ನೋದನ್ನ ಮೊದಲು ಮರೆತುಬಿಡಿ. ಬೈಕು ಓಡುವಾಗ ಬ್ಯಾಟರಿ ತುದಿಯಲ್ಲಿ ಸಿಗೋದು 14 ವೋಲ್ಟ್ ಆಸುಪಾಸು. ಒಳಗೆ ವೋಲ್ಟೇಜ್ ಏರಿಸುವ ಸರ್ಕ್ಯೂಟ್ ಇಲ್ಲದ ಆಂಪ್ಲಿಫೈಯರ್, 4 ಓಮ್ (ಸ್ಪೀಕರಿನ ವಿದ್ಯುತ್ ತಡೆ) ಸ್ಪೀಕರಿಗೆ ಹೆಚ್ಚೆಂದರೆ 14×14÷8 (ಈ 8 ಅಂದರೆ ಓಮಿನ ಎರಡರಷ್ಟು), ಅಂದರೆ ಚಾನೆಲ್ಲಿಗೆ 24.5 ವ್ಯಾಟ್ ಕೊಡಬಹುದು. 8 ಓಮ್ ಸ್ಪೀಕರ್ ಆದರೆ ಅದರ ಅರ್ಧ. ಒಡಕಿಲ್ಲದೆ ಕೇಳುವ ಮಟ್ಟ ಅದಕ್ಕಿಂತಲೂ ಕೆಳಗೆ, 15–18 ವ್ಯಾಟ್ ಅಂದುಕೊಳ್ಳಿ. ಸ್ಟಿಕ್ಕರಿನಲ್ಲಿ ಏನೇ ಬರೆದಿರಲಿ, ಓಮ್ ಎಷ್ಟು ಅಂತ ಕೇಳಿ, ಈ ಲೆಕ್ಕ ಹಾಕಿ.

ಇನ್ನು 70ರ ವೇಗ. ಇಲ್ಲಿ ನೀವು ಸೆಣಸಬೇಕಾದ್ದು ಇಂಜಿನ್ ಸದ್ದಿನ ಜೊತೆಗಲ್ಲ, ಗಾಳಿಯ ಜೊತೆಗೆ. ಹೆಲ್ಮೆಟ್ ಅಂಚಿನಲ್ಲಿ ಗಾಳಿ ಸುರುಳಿ ಸುತ್ತುವ ಸದ್ದು 60–65 ಕಿ.ಮೀ. ವೇಗಕ್ಕೇ ಕಿವಿಯ ಬಳಿ 90 ಡೆಸಿಬಲ್ ಮುಟ್ಟುತ್ತದೆ. ವೇಗ ದುಪ್ಪಟ್ಟಾದರೆ ಸುಮಾರು 15 ಡೆಸಿಬಲ್ ಏರುತ್ತದೆ. ಸ್ಪೀಕರಿನ ಪವರ್ ದುಪ್ಪಟ್ಟು ಮಾಡಿದರೆ ಸಿಗೋದು ಬರೀ 3 ಡೆಸಿಬಲ್. 40ರಲ್ಲಿ 10 ವ್ಯಾಟ್‌ಗೆ ಚೆನ್ನಾಗಿ ಕೇಳಿದ ಹಾಡನ್ನ 80ರಲ್ಲಿ ಹಾಗೇ ಕೇಳಬೇಕಾದರೆ 300 ವ್ಯಾಟ್‌ಗೂ ಮೇಲೆ ಬೇಕು. ಅಷ್ಟು ಕೊಟ್ಟರೆ 3 ಇಂಚಿನ ಸ್ಪೀಕರಿನ ಕಾಯಿಲ್ ಮೊದಲನೇ ಚರಣ ಮುಗಿಯೋದರೊಳಗೆ ಸುಟ್ಟಿರುತ್ತದೆ.

ಮೇಲೆ ಹೆಲ್ಮೆಟ್ ಬೇರೆ. ಫುಲ್ ಫೇಸ್ ಹೆಲ್ಮೆಟ್ ಎತ್ತರದ ಸ್ವರಗಳನ್ನ ಚೆನ್ನಾಗಿ ತಡೆಯುತ್ತದೆ, ತಗ್ಗಿನ ಗುಂಯ್ ಅನ್ನುವ ಸದ್ದನ್ನ ಬಹುಪಾಲು ಒಳಗೆ ಬಿಡುತ್ತದೆ. ಮಾತಿನ ಸ್ಪಷ್ಟತೆ ಇರೋದು ಎತ್ತರದ ಸ್ವರಗಳಲ್ಲಿ, ಗಾಳಿಯ ಬಲ ಇರೋದು ತಗ್ಗಿನಲ್ಲಿ. ಹಾಗಾಗಿ ಹಾಡಿನಲ್ಲಿ ಬೇಕಾದ್ದು ಹೊರಗುಳಿಯುತ್ತದೆ, ಬೇಡದ ಗಾಳಿ ಒಳಗೆ ಬರುತ್ತದೆ. ತಾಳಮದ್ದಳೆಯ ಅರ್ಥಗಾರಿಕೆ 50 ದಾಟಿದ ಮೇಲೆ ಹ್ಯಾಂಡಲ್ ಸ್ಪೀಕರಿನಲ್ಲಿ ಅರ್ಥವಾಗೋದಿಲ್ಲ. ಚೆಂಡೆ ಪೆಟ್ಟು ಕೇಳುತ್ತದೆ, ಮಾತು ಕೇಳೋದಿಲ್ಲ.

ಕಂಪನಿಯಿಂದಲೇ ಸ್ಪೀಕರ್ ಬರುವ ದೊಡ್ಡ ಟೂರಿಂಗ್ ಬೈಕುಗಳಲ್ಲಿ, ಹೋಂಡಾ ಗೋಲ್ಡ್ ವಿಂಗ್ ಥರದ್ದರಲ್ಲಿ, ಇದು ನಡೆಯೋದು ಸ್ಪೀಕರ್ ದೊಡ್ಡದು ಅಂತ ಮಾತ್ರ ಅಲ್ಲ. ಮುಂದೆ ಅಗಲದ ಫೇರಿಂಗ್ ಮತ್ತು ಗಾಜು ಇದ್ದು ಸವಾರನ ಎದೆ, ತಲೆಯ ಮುಂದೆ ಗಾಳಿ ಹೆಚ್ಚುಕಡಿಮೆ ನಿಂತಿರುತ್ತದೆ. ಸ್ಪೀಕರ್ ಇರೋದು ಆ ನಿಂತ ಗಾಳಿಯೊಳಗೆ. ವೇಗ ಏರಿದ ಹಾಗೆ ವಾಲ್ಯೂಮ್ ತಾನೇ ಏರುವ ವ್ಯವಸ್ಥೆಯೂ ಅದರಲ್ಲಿದೆ. ಬರೀ ಹ್ಯಾಂಡಲ್‌ಗೆ ಎರಡು ಡಬ್ಬಿ ಕಟ್ಟಿದರೆ ಅದು ಸಿಗೋದಿಲ್ಲ.

ತುಂಗಾತೀರ 350:
ಗೊತ್ತಾಯ್ತು ಸರ್. ಹಾಗಾದರೆ ಹ್ಯಾಂಡಲ್ ಸ್ಪೀಕರ್ ದಂಡವಾ? ಸಣ್ಣ ವಿಂಡ್‌ಶೀಲ್ಡ್ ಹಾಕಿಸಿದರೆ?

ಸಾಗರದ ಸದ್ದು:
ದಂಡ ಅಲ್ಲ, 50ರೊಳಗಿನ ಸವಾರಿಗೆ ಒಳ್ಳೇದೇ. ನಮ್ಮ ಒಳರಸ್ತೆಗಳಲ್ಲಿ ಆಗೋ ವೇಗ ಅಷ್ಟೇ ತಾನೆ. ಅದರೊಳಗೆ ಚೆನ್ನಾಗಿ ಕೇಳಬೇಕಾದರೆ ವ್ಯಾಟ್ ಬಿಟ್ಟು ಎರಡು ವಿಷಯ ನೋಡಿ.

ಒಂದು, ದಿಕ್ಕು. ಸ್ಪೀಕರಿನ ಮುಖ ನೇರ ನಿಮ್ಮ ಗಲ್ಲದ ಕಡೆ ಇರಬೇಕು. ಬಹಳ ಜನ ಕಟ್ಟುವಾಗ ನೆಟ್ಟಗೆ ಆಕಾಶಕ್ಕೋ, ಇಲ್ಲ ಹೊಟ್ಟೆಯ ಕಡೆಗೋ ತಿರುಗಿಸಿ ಬಿಟ್ಟಿರುತ್ತಾರೆ. ಎತ್ತರದ ಸ್ವರ ಟಾರ್ಚ್ ಬೆಳಕಿನ ಹಾಗೆ, ನೇರ ಹೋಗುತ್ತದೆ. ಬೈಕು ಸ್ಟ್ಯಾಂಡಿನ ಮೇಲಿರುವಾಗ ಸವಾರಿಯ ಭಂಗಿಯಲ್ಲಿ ಕೂತು, ಹೆಲ್ಮೆಟ್ ಹಾಕಿ, ಒಬ್ಬರ ಕೈಲಿ ಸ್ಪೀಕರ್ ಸ್ವಲ್ಪ ಸ್ವಲ್ಪವೇ ತಿರುಗಿಸಿಸಿ, ಹಾಡಿನ ಸಕಾರ ಶಕಾರ ತಿಳಿಯಾದ ಕಡೆ ಬಿಗಿ ಮಾಡಿ. ಅದೇ ಸ್ಪೀಕರ್, ಅದೇ ವಾಲ್ಯೂಮ್, ಆದರೂ ವ್ಯತ್ಯಾಸ ಎದ್ದು ಕಾಣುತ್ತದೆ.

ಎರಡು, ಡಬ್ಬಿ ಹಿಂದಿನಿಂದ ಪೂರ್ತಿ ಮುಚ್ಚಿರಬೇಕು. ಕೋನ್, ಅಂದರೆ ಸ್ಪೀಕರಿನಲ್ಲಿ ಅದುರುವ ಬಟ್ಟಲು, ಮುಂದೆ ಗಾಳಿ ತಳ್ಳುವಾಗ ಹಿಂದಿನಿಂದ ಎಳೆಯುತ್ತದೆ. ಹಿಂದೆ ತೆರೆದಿದ್ದರೆ ತಗ್ಗಿನ ಸ್ವರಗಳು ಸುತ್ತಿ ಬಂದು ಒಂದನ್ನೊಂದು ನುಂಗುತ್ತವೆ.

ವಿಂಡ್‌ಶೀಲ್ಡ್ ಬಗ್ಗೆ ಎಚ್ಚರ. ಎತ್ತರ ತಪ್ಪಿದರೆ ಗಾಜಿನ ಅಂಚಿನಿಂದ ಕಿತ್ತುಬಂದ ಗಾಳಿ ನೇರ ಹೆಲ್ಮೆಟ್ಟಿಗೆ ಬಡಿದು ಸದ್ದು ಜಾಸ್ತಿ ಆಗುತ್ತದೆ. ಎದೆಯವರೆಗೆ ಮಾತ್ರ ಗಾಳಿ ತಡೆಯುವ ಗಿಡ್ಡ ಗಾಜು, ಇಲ್ಲವೇ ಮೂಗಿನ ಮಟ್ಟಕ್ಕೆ ಬರುವ ಎತ್ತರದ ಗಾಜು. ನಡುವಿನ ಅಳತೆಯೇ ಕಾಟ ಕೊಡೋದು. ಎತ್ತರದ ಗಾಜಿಗೆ ಮಳೆಗಾಲದಲ್ಲಿ ಮಂಜು ಹಿಡಿದರೆ ದಾರಿಯೇ ಕಾಣದು, ಅದಕ್ಕೇ ಇಲ್ಲಿಗೆ ಗಿಡ್ಡದ್ದೇ ಲೇಸು.

ಕೊಪ್ಪ ಕಣಿವೆ:
ವೇಗ 60 ದಾಟುವುದು ಖಚಿತ ಅಂದಮೇಲೆ ಹೆಲ್ಮೆಟ್ ಒಳಗಿನ ಸ್ಪೀಕರ್ ನೋಡಿ ಮಾರಾಯ್ರೆ. 40 ಮಿ.ಮೀ. ವ್ಯಾಸದ ತೆಳು ಬಿಲ್ಲೆ ಎರಡು, ಹೊರಗೆ ಬ್ಲೂಟೂತ್ ಪೆಟ್ಟಿಗೆ. ಕಿವಿಯಿಂದ ಒಂದು ಸೆಂ.ಮೀ. ದೂರದಲ್ಲಿರುವುದರಿಂದ ಒಂದು ವ್ಯಾಟ್ ಕೂಡ ಬೇಡ.

ಇದರಲ್ಲಿ ಹತ್ತಕ್ಕೆ ಒಂಬತ್ತು ಜನರ ದೂರು 'ಸದ್ದು ಸಾಲದು, ಬೇಸ್ ಇಲ್ಲ' ಅಂತ. ಬಹುತೇಕ ಸಲ ಅದು ಕೂರಿಸಿದ ಜಾಗದ ತಪ್ಪು. ಸ್ಪೀಕರಿನ ನಡುಭಾಗ ಕಿವಿಯ ತೂತಿಗೆ ನೇರ ಇರಬೇಕು, ಕಿವಿಯನ್ನು ಹಗುರಾಗಿ ಮುಟ್ಟುವಷ್ಟು ಹತ್ತಿರ ಇರಬೇಕು. 10 ಮಿ.ಮೀ. ಹಿಂದೆ ಸರಿದರೂ ಬೇಸ್ ಮಾಯ. ಪರೀಕ್ಷೆ ಸುಲಭ: ಹಾಡು ಹಾಕಿ ಹೆಲ್ಮೆಟ್ಟನ್ನು ಎರಡೂ ಅಂಗೈಯಿಂದ ಹೊರಗಿನಿಂದ ಕಿವಿಗೆ ಒತ್ತಿ. ಒತ್ತಿದಾಗ ಸದ್ದು ತುಂಬಿ ಬಂದರೆ ಸ್ಪೀಕರ್ ದೂರ ಇದೆ ಅಂತ ಅರ್ಥ. ಹಿಂದೆ ವೆಲ್ಕ್ರೊ ಜೊತೆ 3–4 ಮಿ.ಮೀ. ಫೋಮ್ ತುಂಡು ಕೊಟ್ಟು ಮುಂದೆ ತನ್ನಿ. ಬಹುಪಾಲು ಜನ ಲೈನರಿನ ಕಿವಿ ಗುಳಿಯ ನಡುವೆ ಅಂಟಿಸುತ್ತಾರೆ, ಆದರೆ ಹೆಲ್ಮೆಟ್ ಹಾಕಿದ ಮೇಲೆ ಕಿವಿ ಕೂರೋದು ಗುಳಿಯ ನಡುವೆಯೇ ಅಂತೇನಿಲ್ಲ. ಹೆಬ್ಬೆರಳನ್ನು ಲೈನರ್ ಅಂಚಿನಿಂದ ಒಳಗೆ ತೂರಿಸಿ ಕಿವಿತೂತು ಎಲ್ಲಿದೆ ಅಂತ ತಡವಿ ಗುರುತು ಮಾಡಿಕೊಳ್ಳಿ.

ಗುಳಿ ಆಳ ಸಾಲದು ಅಂತ ಒಳಗಿನ ಥರ್ಮಾಕೋಲ್ ಕೆತ್ತಬೇಡಿ. ಬಿದ್ದಾಗ ತಲೆ ಉಳಿಸೋದು ಆ ಪದರವೇ. ಐಎಸ್ 4151 (ಹೆಲ್ಮೆಟ್ಟಿನ ಭಾರತೀಯ ಮಾನದಂಡ) ಗುರುತು ಇರುವ ಹೆಲ್ಮೆಟ್ ಪರೀಕ್ಷೆಗೊಳಗಾದದ್ದು ಆ ದಪ್ಪದೊಂದಿಗೆ. ಸ್ಪೀಕರಿಗೆ ಜಾಗ ಇರುವ ಹೆಲ್ಮೆಟ್ಟೇ ತಗೊಳ್ಳಿ.

ಘಾಟಿ ಗಸ್ತು:
ಹೆಲ್ಮೆಟ್ ಸ್ಪೀಕರ್ ಶಿಫಾರಸು ಮಾಡುವಾಗ ಒಂದು ಮಾತು ಸೇರಿಸಲೇಬೇಕು. ಗಾಳಿ 90 ಡೆಸಿಬಲ್ ಇದ್ದರೆ ಹಾಡು ಅದಕ್ಕಿಂತ ಮೇಲೆ ಹೋದಾಗಲೇ ಕೇಳೋದು. ಕೆಲಸಗಾರರ ಆರೋಗ್ಯ ನೋಡುವ ಅಮೆರಿಕದ ನಿಯೋಶ್ ಸಂಸ್ಥೆಯ ಮಿತಿ ದಿನಕ್ಕೆ 85 ಡೆಸಿಬಲ್ಲಿಗೆ 8 ಗಂಟೆ. ಪ್ರತಿ 3 ಡೆಸಿಬಲ್ಲಿಗೆ ಅವಧಿ ಅರ್ಧ. 94 ಆದರೆ 1 ಗಂಟೆ, 100 ಆದರೆ 15 ನಿಮಿಷ. ತೀರ್ಥಹಳ್ಳಿಯಿಂದ ಶಿವಮೊಗ್ಗ ಒಂದೂವರೆ ಗಂಟೆಯ ದಾರಿ. ವಾರಕ್ಕೆ ಮೂರು ಸಲ, ಹೋಗಿ ಬಂದು. ಕಿವಿ ಒಂದೇ ದಿನಕ್ಕೆ ಹೋಗೋದಿಲ್ಲ, ವರ್ಷಗಟ್ಟಲೆ ಸವೆದು ಹೋಗುತ್ತದೆ, ಹೋದದ್ದು ವಾಪಸ್ ಬರೋದಿಲ್ಲ. ಇಳಿದ ಮೇಲೆ ಕಿವಿಯಲ್ಲಿ ಜೀರುಂಡೆ ಕೂಗಿದ ಹಾಗೆ ಆಗುತ್ತಿದ್ದರೆ ಮಿತಿ ಮೀರಿದೆ ಅಂತಲೇ ತಿಳಿಯಿರಿ.

ಮತ್ತೆ, ಘಾಟಿಯಲ್ಲಿ ಯಾವ ಸ್ಪೀಕರೂ ಬೇಡ. ಆಗುಂಬೆಯ 14 ಹೇರ್‌ಪಿನ್ ತಿರುವುಗಳಲ್ಲಿ ಎದುರಿನ ಬಸ್ಸು ಕಣ್ಣಿಗೆ ಬೀಳುವ ಮೊದಲು ಕಿವಿಗೆ ಬೀಳುತ್ತದೆ. ಮಂಜು ಕವಿದಾಗ ಕಿವಿಯೇ ಕಣ್ಣು. ಕೆಳ ಗೇರಿನಲ್ಲಿ ಏರುವ ಬಸ್ಸಿನ ಇಂಜಿನ್ ಸದ್ದು ತಗ್ಗಿನ ಸ್ವರ, ಅದನ್ನು ಮುಚ್ಚಲು ಹಾಡಿನ ಮೃದಂಗವೇ ಸಾಕು. ಹುಲಿಕಲ್ ಘಾಟಿಗೂ ಇದೇ ಮಾತು.

ಕೊಪ್ಪ ಕಣಿವೆ:
ಒಪ್ಪಿದೆ ಅಣ್ಣ. ಕಿವಿಗೆ ಫೋಮ್ ಪ್ಲಗ್ ಇಟ್ಟು ಅದರ ಮೇಲೆ ಹೆಲ್ಮೆಟ್ ಸ್ಪೀಕರ್ ಕೇಳುವುದೂ ಒಂದು ದಾರಿ. ಪ್ಲಗ್ ಗಾಳಿಯನ್ನೂ ಹಾಡನ್ನೂ ಒಟ್ಟಿಗೇ ಇಳಿಸುತ್ತದೆ, ಕಿವಿಯ ಮೇಲಿನ ಒಟ್ಟು ಹೊರೆ ಕಡಿಮೆಯಾಗುತ್ತದೆ, ಮಾತು ಒಡೆಯದೆ ಕೇಳುತ್ತದೆ. ವಾಲ್ಯೂಮ್ ಮಾತ್ರ ಮೊದಲೇ ಇಳಿಸಿಟ್ಟುಕೊಂಡು ಶುರು ಮಾಡಿ, ಪ್ಲಗ್ ತೆಗೆದ ಕೂಡಲೇ ಅದೇ ಸದ್ದು ಕಿವಿಗೆ ಅಪ್ಪಳಿಸದಿರಲಿ. ಸಂತೆ, ಊರೊಳಗೆ, ಘಾಟಿಯಲ್ಲಿ ಪ್ಲಗ್ ಬೇಡ.

ಗಾಂಧಿ ಬಜಾರ್ ವೈರ್‌ಮ್ಯಾನ್:
ವೈರಿಂಗ್ ಭಾಗ ಬರೀತೀನಿ. ಶಿವಮೊಗ್ಗದಲ್ಲಿ ಬಿಚ್ಚಿ ನೋಡುವ ಬೈಕುಗಳಲ್ಲಿ ಸ್ಪೀಕರ್ ಹೋಗಿರೋದು ಅಪರೂಪ, ವೈರಿಂಗ್ ಹೋಗಿರೋದೇ ಹೆಚ್ಚು.

ಮೊದಲು ಮಲ್ಟಿಮೀಟರ್. ಇಂಜಿನ್ ಆಫ್ ಇದ್ದು ಒಂದು ಗಂಟೆ ಆದ ಮೇಲೆ ಬ್ಯಾಟರಿ 12.6 ವೋಲ್ಟ್ ಅಥವಾ ಮೇಲೆ ಇರಬೇಕು. 4000 ಆರ್‌ಪಿಎಂ ಹತ್ತಿರ 13.8ರಿಂದ 14.5. ಐಡ್ಲಿಂಗಿನಲ್ಲಿ ಹೆಡ್‌ಲೈಟ್ ಉರಿಯುತ್ತಾ 13ಕ್ಕಿಂತ ಕೆಳಗೆ ಬರುತ್ತಿದ್ದರೆ ಚಾರ್ಜಿಂಗ್ ಆಗಲೇ ಸುಸ್ತಾಗಿದೆ, ಅದನ್ನು ಸರಿ ಮಾಡಿಸದೆ ಸ್ಪೀಕರ್ ಸೇರಿಸಬೇಡಿ. 2017ರ ಏಪ್ರಿಲ್ ನಂತರದ ಬೈಕುಗಳಲ್ಲಿ ಹೆಡ್‌ಲೈಟ್ ಆರಿಸಲು ಸ್ವಿಚ್ಚೇ ಇಲ್ಲ, ಆ ಹೊರೆ ಸದಾ ಇರುತ್ತದೆ. ಮೀಟರ್ 15 ವೋಲ್ಟ್ ದಾಟಿದರೆ ರೆಗ್ಯುಲೇಟರ್ ಕೆಟ್ಟಿದೆ, ಆಂಪ್ಲಿಫೈಯರ್ ಸುಡುತ್ತದೆ.

ಆಂಪ್ಲಿಫೈಯರ್ ಬೋರ್ಡ್ ಪ್ರತ್ಯೇಕ ಕೊಳ್ಳುವವರಿಗೆ: ಪಿಎಎಂ8610 ಚಿಪ್ಪಿನ ಪುಟ್ಟ ಬೋರ್ಡ್ ಅಗ್ಗಕ್ಕೆ ಸಿಗುತ್ತೆ, ಆದರೆ ಅದರ ಮಿತಿ 15 ವೋಲ್ಟ್. ಬೈಕು 14.5 ಕೊಡುವಾಗ ಅದು ಅಂಚಿನ ಮೇಲೆ ನಿಂತಿರುತ್ತೆ, ಸಣ್ಣ ಏರಿಳಿತಕ್ಕೇ ಸತ್ತು ಹೋಗುತ್ತೆ. ಟಿಪಿಎ3116 ಚಿಪ್ 26 ವೋಲ್ಟ್ ತನಕ ತಡೆಯುತ್ತೆ, ಬೈಕಿಗೆ ಅದೇ ಸರಿ. ಅದರ ಮುಂದೆ 18 ವೋಲ್ಟಿನ ಟಿವಿಎಸ್ ಡಯೋಡ್ (ಬೈಕ್ ಕಂಪನಿ ಅಲ್ಲ, ಹೆಚ್ಚಾದ ವೋಲ್ಟೇಜ್ ನುಂಗುವ ಪುಟ್ಟ ಬಿಡಿಭಾಗ) ಒಂದು ಹಾಕಿದರೆ ರೆಗ್ಯುಲೇಟರಿನ ಜಿಗಿತಗಳಿಂದಲೂ ಕಾಪಾಡುತ್ತೆ.

ಎಷ್ಟು ಕರೆಂಟ್? ಎರಡೂ ಚಾನೆಲ್ 20 ವ್ಯಾಟ್ ಪೂರ್ತಿ ಹೊಡೆದರೂ 3.5 ಆಂಪ್ ಒಳಗೆ. ಹಾಡಿನ ಸರಾಸರಿ ಒಂದು ಆಂಪ್ ಸುತ್ತ. ಆದ್ದರಿಂದ 5 ಆಂಪ್ ಫ್ಯೂಸ್ ಸಾಕು, 1 ಚದರ ಮಿ.ಮೀ. ತಾಮ್ರದ ವೈರ್ ಸಾಕು. ಫ್ಯೂಸ್ ಬ್ಯಾಟರಿ ಪ್ಲಸ್‌ನಿಂದ ಒಂದು ಗೇಣಿನೊಳಗೆ ಇರಲಿ. ಫ್ಯೂಸಿಗೂ ಬ್ಯಾಟರಿಗೂ ನಡುವಿನ ವೈರಿಗೆ ಯಾವ ರಕ್ಷಣೆಯೂ ಇಲ್ಲ, ಅದು ಸೀಟಿನ ಕೆಳಗೆ ಫ್ರೇಮಿಗೆ ಉಜ್ಜಿ ತಾಗಿದರೆ ಬೆಂಕಿ.

ರಿಲೇ, ಅಂದರೆ ಸಣ್ಣ ಕರೆಂಟಿನಿಂದ ದೊಡ್ಡ ಕರೆಂಟನ್ನ ಆನ್ ಆಫ್ ಮಾಡುವ ಸ್ವಿಚ್, ಕಡ್ಡಾಯ. 4 ಕಾಲಿನ ಮಾಮೂಲಿ ರಿಲೇ: 30ಕ್ಕೆ ಫ್ಯೂಸಿನಿಂದ ಬಂದ ಪ್ಲಸ್, 87ರಿಂದ ಆಂಪ್ಲಿಫೈಯರಿಗೆ, 85 ಅರ್ತ್, 86ಕ್ಕೆ ಚಾವಿ ತಿರುಗಿಸಿದಾಗ ಮಾತ್ರ 12 ವೋಲ್ಟ್ ಬರುವ ವೈರ್, ಉದಾಹರಣೆಗೆ ನಂಬರ್ ಪ್ಲೇಟ್ ದೀಪದ್ದು. ಹಳೇ 100 ಸಿಸಿ ಬೈಕುಗಳಲ್ಲಿ ದೀಪಗಳು ಎಸಿಯಲ್ಲಿ ಓಡ್ತವೆ. ಅಲ್ಲಿ ಕೊಟ್ಟರೆ ರಿಲೇ ಟರ್ ಅಂತ ನಡುಗುತ್ತೆ. ಮೀಟರ್ ಡಿಸಿಯಲ್ಲಿಟ್ಟು ಖಾತ್ರಿ ಮಾಡಿಕೊಳ್ಳಿ. ರಿಲೇ ಯಾಕೆ ಅಂದರೆ, ಹಾಡು ನಿಂತರೂ ಆಂಪ್ಲಿಫೈಯರ್ ಮತ್ತು ಬ್ಲೂಟೂತ್ 50 ಮಿಲಿಆಂಪ್ ಕುಡೀತಾ ಇರುತ್ತೆ. ದಿನಕ್ಕೆ 1.2 ಎಎಚ್. ನಿಮ್ಮ 8 ಎಎಚ್ ಬ್ಯಾಟರಿ ವಾರದಲ್ಲಿ ಖಾಲಿ, ನಾಲ್ಕನೇ ದಿನಕ್ಕೇ ಸೆಲ್ಫ್ ಹೊಡೆಯೋದಿಲ್ಲ.

86ರ ವೈರಿನ ನಡುವೆ ಎಡಗೈ ಹೆಬ್ಬೆರಳಿಗೆ ಸಿಗುವ ಹಾಗೆ ಸಣ್ಣ ವಾಟರ್‌ಪ್ರೂಫ್ ಸ್ವಿಚ್ ಕೊಡಿ. ಅಲ್ಲಿ ಹರಿಯೋದು 150 ಮಿಲಿಆಂಪ್ ಮಾತ್ರ. ಘಾಟಿಯವರು ಹೇಳಿದ ಹಾಗೆ ತಿರುವಿನ ಮೊದಲು ಹೆಬ್ಬೆರಳಲ್ಲಿ ಒಂದು ಟಕ್, ಪೂರ್ತಿ ಮೌನ. ಫೋನ್ ಪರದೆ ಮುಟ್ಟಿ ಸದ್ದು ಇಳಿಸುವ ಕೆಲಸ ಓಡುವ ಬೈಕಿನಲ್ಲಿ ಮಾಡಲೇಬಾರದು.

ಇನ್ನೊಂದು, ಇದನ್ನ ದಪ್ಪಕ್ಷರದಲ್ಲಿ ಓದಿಕೊಳ್ಳಿ: ಸ್ಪೀಕರಿನ ಮೈನಸ್ ವೈರನ್ನ ಬೈಕಿನ ಫ್ರೇಮಿಗೆ ಕೊಡಬೇಡಿ. ಹಾರ್ನಿಗೆ, ಇಂಡಿಕೇಟರಿಗೆ ಒಂದೇ ವೈರ್ ಎಳೆದು ಇನ್ನೊಂದನ್ನ ಫ್ರೇಮಿಗೆ ಕಟ್ಟುವ ಅಭ್ಯಾಸ ಇದೆ. ಈ ಆಂಪ್ಲಿಫೈಯರುಗಳಲ್ಲಿ ಸ್ಪೀಕರಿನ ಎರಡೂ ತುದಿಯಲ್ಲಿ ಸಿಗ್ನಲ್ ಇರುತ್ತೆ. ಒಂದು ತುದಿ ಫ್ರೇಮಿಗೆ ತಾಗಿತೋ, ಚಿಪ್ ಹೋಯ್ತು. ಪ್ರತಿ ಸ್ಪೀಕರಿಗೂ ಎರಡು ವೈರ್ ಪ್ರತ್ಯೇಕ ಎಳೀಬೇಕು.

ಎರಡು ಸ್ಪೀಕರಿನ ಪ್ಲಸ್ ಮೈನಸ್ ಒಂದೇ ಥರ ಇದೆಯಾ ನೋಡೋಕೆ 1.5 ವೋಲ್ಟಿನ ಪೆನ್ ಸೆಲ್ ಸಾಕು. ಸ್ಪೀಕರಿನ ವೈರಿಗೆ ಕ್ಷಣ ಮುಟ್ಟಿಸಿ. ಚಟ್ ಅಂತ ಸದ್ದು ಬಂದು ಕೋನ್ ಮುಂದೆ ಹಾರಿದರೆ ಸೆಲ್ಲಿನ ಪ್ಲಸ್ ತಾಗಿದ್ದೇ ಸ್ಪೀಕರಿನ ಪ್ಲಸ್. ಬೆರಳ ತುದಿ ಕೋನಿನ ಮೇಲೆ ಹಗುರಾಗಿ ಇಟ್ಟರೆ ಜಿಗಿತ ತಿಳಿಯುತ್ತೆ. ಒಂದು ಮುಂದೆ, ಇನ್ನೊಂದು ಹಿಂದೆ ಹಾರುವ ಹಾಗೆ ಸೇರಿಸಿದರೆ ಬೇಸ್ ಇರೋದಿಲ್ಲ, ಗಾಯಕರ ದನಿ ಎಲ್ಲಿಂದ ಬರ್ತಿದೆ ಅಂತಲೇ ಗೊತ್ತಾಗೋದಿಲ್ಲ.

ಜಾಯಿಂಟುಗಳನ್ನ ಬೆಸುಗೆ ಹಾಕಿ ಬಿಡಬೇಡಿ. ಸಿಂಗಲ್ ಸಿಲಿಂಡರಿನ ನಡುಕಕ್ಕೆ ಬೆಸುಗೆ ಮುಗಿಯುವ ಅಂಚಿನಲ್ಲೇ ಎಳೆಗಳು ಒಂದೊಂದಾಗಿ ಮುರೀತವೆ. ಲೋಹದ ತೋಳು ತೂರಿಸಿ ಇಕ್ಕಳದಲ್ಲಿ ಒತ್ತಿ (ಕ್ರಿಂಪ್), ಮೇಲೆ ಅಂಟು ಒಳಗಿರುವ ಹೀಟ್ ಶ್ರಿಂಕ್ (ಬಿಸಿಗೆ ಕುಗ್ಗುವ ಕೊಳವೆ) ತೂರಿಸಿ ಬಿಸಿ ಮಾಡಿ, ಅಂಚಿನಿಂದ ಅಂಟು ಉಕ್ಕಿ ಬರೋ ತನಕ. ಬರೀ ಕರಿ ಟೇಪ್ ಸುತ್ತಿದ ಜಾಯಿಂಟ್ ಒಂದು ಮಳೆಗಾಲಕ್ಕೆ ಒಳಗೆ ಹಸಿರು ಕಿಲುಬು ಹಿಡಿದು ಪುಡಿ ಪುಡಿ.

ಕಡೆಗೆ ಹ್ಯಾಂಡಲನ್ನ ಎಡಕ್ಕೆ ಪೂರ್ತಿ, ಬಲಕ್ಕೆ ಪೂರ್ತಿ ತಿರುಗಿಸಿ ನೋಡಿ. ವೈರ್ ಬಿಗಿಯಾಗಬಾರದು, ಸ್ಪೀಕರ್ ಟ್ಯಾಂಕಿಗೆ ತಾಗಬಾರದು, ಬ್ರೇಕ್ ಹೋಸ್ ಒತ್ತಬಾರದು, ಬ್ರೇಕ್ ಆಯಿಲಿನ ಕಣ್ಣು ಮುಚ್ಚಬಾರದು.

ರಿಪ್ಪನ್‌ಪೇಟೆ ಆರ್‌ಪಿಎಂ:
ಅಣ್ಣ, ಒಂದು ಸಂಶಯ. ಆಕ್ಸ್ ವೈರಿನಲ್ಲಿ (ಫೋನಿನ ಇಯರ್‌ಫೋನ್ ತೂತಿನಿಂದ ಆಂಪ್ಲಿಫೈಯರಿಗೆ ಹೋಗುವ ವೈರ್) ಫೋನ್ ಸೇರಿಸಿ, ಅದೇ ಫೋನನ್ನ ಬೈಕಿನ ಯುಎಸ್‌ಬಿಗೆ ಚಾರ್ಜಿಗೆ ಹಾಕಿದರೆ ಆಕ್ಸಿಲರೇಟರ್ ಕೊಟ್ಟ ಹಾಗೆ ಕೀಂ... ಅಂತ ಸೊಳ್ಳೆ ಸದ್ದು ಏರುತ್ತೆ. ಚಾರ್ಜರ್ ತೆಗೆದರೆ ಇಲ್ಲ. ಎಂಥ ಮಾಡೋದು?

ಗಾಂಧಿ ಬಜಾರ್ ವೈರ್‌ಮ್ಯಾನ್:
ಚಾರ್ಜರಿನ ಅರ್ತ್ ಒಂದು ಕಡೆ, ಆಂಪ್ಲಿಫೈಯರಿನ ಅರ್ತ್ ಇನ್ನೊಂದು ಕಡೆ ಇದೆ. ನಡುವೆ ಆಕ್ಸ್ ವೈರಿನ ಅರ್ತ್ ಸೇತುವೆಯಾಗಿ, ಆಲ್ಟರ್ನೇಟರಿನ ಏರಿಳಿತ ಅದರ ಮೂಲಕ ಹಾಡಿನೊಳಗೆ ನುಗ್ಗುತ್ತೆ. ಮೊದಲು ಎರಡರ ಅರ್ತ್ ವೈರನ್ನೂ ಒಂದೇ ಜಾಗಕ್ಕೆ, ಬ್ಯಾಟರಿ ಮೈನಸ್ಸಿಗೇ ತನ್ನಿ. ಅಷ್ಟಕ್ಕೆ ಹೋಗದಿದ್ದರೆ ಆಕ್ಸ್ ವೈರಿನಲ್ಲಿ ಗ್ರೌಂಡ್ ಲೂಪ್ ಐಸೊಲೇಟರ್ ಹಾಕಿ, ಒಳಗೆ ಎರಡು ಪುಟ್ಟ ಟ್ರಾನ್ಸ್‌ಫಾರ್ಮರ್ ಇರುತ್ತೆ. ಬ್ಲೂಟೂತಿನಲ್ಲಿ ಕೇಳಿದರೆ ಈ ಕಾಟವೇ ಇಲ್ಲ.

ಕೀಂ ಅಲ್ಲದೆ ಟಿಕ್ ಟಿಕ್ ಟಿಕ್ ಅಂತ ಬಂದರೆ ಅದು ಸ್ಪಾರ್ಕ್ ಪ್ಲಗ್ಗಿನದ್ದು. ಹೆಸರಲ್ಲಿ ಆರ್ ಅಕ್ಷರ ಇರುವ, ಒಳಗೆ ಸುಮಾರು 5 ಕಿಲೋಓಮ್ ಇರುವ ಪ್ಲಗ್ ನಿಮ್ಮ ಬೈಕಿಗೆ ಹೇಳಿದ್ದೇ ಹಾಕಿದೆಯಾ ನೋಡಿ. ಸರ್ವಿಸಿನಲ್ಲಿ ಬೇರೆ ಹಾಕಿರುವ ಸಂಭವ ಇದೆ.

ಮಳೆ ಮಾಪಕ ಆಗುಂಬೆ:
ಮಳೆಯ ಪ್ರಶ್ನೆಗೆ ಯಾರೂ ಕೈ ಹಾಕಿಲ್ಲ. ಇಲ್ಲಿ ವರ್ಷಕ್ಕೆ 7000 ಮಿ.ಮೀ. ಸುತ್ತ ಸುರಿಯುತ್ತದೆ, ಅದರಲ್ಲಿ ಬಹುಪಾಲು ನಾಲ್ಕು ತಿಂಗಳಲ್ಲಿ. 'ವಾಟರ್‌ಪ್ರೂಫ್' ಅನ್ನುವ ಪದಕ್ಕೆ ಬೆಲೆ ಇಲ್ಲ, ನೀರು ಎಷ್ಟು ತಡೆಯುತ್ತದೆ ಅಂತ ಪರೀಕ್ಷಿಸಿ ಕೊಡುವ ಐಪಿ ಅಂಕಿ ಕೇಳಿ. ಐಪಿಎಕ್ಸ್5 ಅಂದರೆ ನಳಿಕೆಯಿಂದ ನಿಮಿಷಕ್ಕೆ 12.5 ಲೀಟರ್ ರಭಸದ ನೀರು ಬಿದ್ದರೂ ತಡೆಯುತ್ತದೆ. ಐಪಿಎಕ್ಸ್6 ನಿಮಿಷಕ್ಕೆ 100 ಲೀಟರ್. ಐಪಿಎಕ್ಸ್7 ಒಂದು ಮೀಟರ್ ನೀರಲ್ಲಿ 30 ನಿಮಿಷ ಮುಳುಗಿಸಿದರೂ ತಡೆಯುತ್ತದೆ. 7 ದೊಡ್ಡದು, ಹಾಗಾಗಿ ಅದರಲ್ಲಿ 5, 6 ಸೇರಿದೆ ಅಂದುಕೊಳ್ಳಬೇಡಿ. ನಿಂತ ನೀರಿಗೂ ರಭಸದ ನೀರಿಗೂ ಪರೀಕ್ಷೆ ಬೇರೆ ಬೇರೆ. ಓಡುವ ಬೈಕಿನ ಮುಂದಿರುವ ಸ್ಪೀಕರಿಗೆ ಮಳೆ ಬೀಳೋದು ರಭಸವಾಗಿ. ಆದ್ದರಿಂದ 5 ಅಥವಾ 6 ಬೇಕೇ ಬೇಕು, 7 ಇದ್ದರೆ ಲಾಭ.

ಆದರೆ ಇಲ್ಲಿ ಸ್ಪೀಕರ್ ಸಾಯೋದು ಹೊರಗಿನ ಮಳೆ ಹೊಡೆತಕ್ಕಿಂತ ಹೆಚ್ಚಾಗಿ ಅದು ತಾನೇ ನೀರು ಕುಡಿಯೋದರಿಂದ. ಹೇಗೆ ಅಂದರೆ, ಗಂಟೆಗಟ್ಟಲೆ ಹಾಡಿ ಡಬ್ಬಿಯೊಳಗಿನ ಗಾಳಿ 50 ಡಿಗ್ರಿ ಆಗಿರುತ್ತದೆ. ಒಮ್ಮೆಲೇ ಮಳೆ ಬಿದ್ದು 22ಕ್ಕೆ ಇಳಿದರೆ ಒಳಗಿನ ಒತ್ತಡ ಶೇ. 8ಕ್ಕೂ ಹೆಚ್ಚು ತಗ್ಗುತ್ತದೆ. ಅದು ಹೆಚ್ಚುಕಡಿಮೆ 80 ಸೆಂ.ಮೀ. ನೀರಿನಡಿ ಡಬ್ಬಿ ಮುಳುಗಿಸಿದಷ್ಟು ಒತ್ತಡ. ಕೋನ್ ಒಳಕ್ಕೆ ಬಾಗಿ ಒಂದಿಷ್ಟು ಸರಿದೂಗಿಸಿದರೂ, ರಬ್ಬರ್ ಅಂಚಿನಲ್ಲಿ ಸಂದು ಎಲ್ಲಿದೆಯೋ ಅಲ್ಲಿಂದ ನೀರು ಎಳೆದುಕೊಳ್ಳುತ್ತದೆ. ಅದರ ಮೇಲೆ ಘಾಟಿ ಇಳಿದರೆ ಇನ್ನೂ ಕಷ್ಟ. ಆಗುಂಬೆಯ ತಲೆಯಿಂದ ಸೋಮೇಶ್ವರಕ್ಕೆ ನಾನೂರು ಐನೂರು ಮೀಟರ್ ಇಳಿತ, ಹೊರಗಿನ ಗಾಳಿಯ ಒತ್ತಡ ಶೇ. 5ರಷ್ಟು ಏರುತ್ತದೆ. ಬಿಸಿ ಸ್ಪೀಕರ್, ತಣ್ಣನೆ ಮಳೆ, ಇಳಿಜಾರು ಮೂರೂ ಸೇರುವ ಜಾಗ ಅದು.

ಪರಿಹಾರ ಡಬ್ಬಿಗೆ ಇನ್ನಷ್ಟು ಸಿಲಿಕೋನ್ ಮೆತ್ತೋದಲ್ಲ. ಮೆತ್ತಿದಷ್ಟೂ ಉಳಿದ ಒಂದೇ ಒಂದು ಸಂದಿಯಿಂದ ಎಳೆತ ಜೋರಾಗುತ್ತದೆ. ಗಾಳಿ ಬಿಟ್ಟು ನೀರು ಬಿಡದ ಪೊರೆಯ ವೆಂಟ್ ಪ್ಲಗ್ ಸಿಗುತ್ತದೆ, ಹೊರಾಂಗಣ ದೀಪಗಳಿಗೆ ಹಾಕುವಂಥದ್ದು, ಎಂ12 ಅಳತೆಯದ್ದು. ಡಬ್ಬಿಯ ತಳದಲ್ಲಿ, ಹಿಂಬದಿಗೆ, ಚಕ್ರದ ರಾಡಿ ಸಿಡಿಯದ ಕಡೆ ತೂತು ಕೊರೆದು ಹಾಕಿ. ಒಳಗೂ ಹೊರಗೂ ಒತ್ತಡ ಸಮವಾಗುತ್ತದೆ, ಎಳೆತವೇ ಇರೋದಿಲ್ಲ.

ಕೊಳ್ಳುವಾಗ ಜಾಲರಿಯೊಳಗೆ ಟಾರ್ಚ್ ಬಿಟ್ಟು ಕೋನ್ ನೋಡಿ. ಕಾಗದದ ಕೋನ್ ಬೇಡ. ಮಳೆ ತಾಗದಿದ್ದರೂ ಜುಲೈ ತೇವಕ್ಕೇ ಬೂಷ್ಟು ಹಿಡಿದು ಮೆತ್ತಗಾಗುತ್ತದೆ. ಪಾಲಿಪ್ರೊಪಿಲೀನ್ ಕೋನ್, ಸುತ್ತ ರಬ್ಬರ್ ಅಂಚು ಇರಲಿ. ಫೋಮ್ ಅಂಚು ಎರಡು ಮಳೆಗಾಲಕ್ಕೆ ಬೆರಳು ತಾಗಿದರೆ ಉದುರುತ್ತದೆ. ಜಾಲರಿ, ಸ್ಕ್ರೂ ಸ್ಟೇನ್‌ಲೆಸ್ ಇರಬೇಕು. ಕೊಳ್ಳುವಾಗ ಅಂಗಡಿಗೆ ಸಣ್ಣ ಆಯಸ್ಕಾಂತ ಒಯ್ದರೆ ಸ್ಕ್ರೂಗಳ ಬಗ್ಗೆ ಅಂದಾಜು ಸಿಗುತ್ತದೆ, ಜೋರಾಗಿ ಕಚ್ಚಿಕೊಂಡರೆ ಮಾಮೂಲಿ ಕಬ್ಬಿಣ, ತುಕ್ಕು ಖಂಡಿತ.

ವೈರ್ ಡಬ್ಬಿಯೊಳಗೆ ಹೋಗುವ ಮೊದಲು ಒಂದು ಸುತ್ತು ಕೆಳಗೆ ಇಳಿದು ಮತ್ತೆ ಮೇಲೇರಲಿ, ನೀರು ಆ ತಗ್ಗಿನಲ್ಲೇ ತೊಟ್ಟಿಕ್ಕುತ್ತದೆ. ಕನೆಕ್ಟರುಗಳಿಗೆ ಡೈಎಲೆಕ್ಟ್ರಿಕ್ ಗ್ರೀಸ್. ಬೇಸಿಗೆಯಲ್ಲಿ ಬೈಕು ಕೊಟ್ಟಿಗೆಯಲ್ಲಿ ನಿಲ್ಲುವುದಾದರೆ ಆಕ್ಸ್ ತೂತಿಗೆ ಮುಚ್ಚಳ ಹಾಕಿಡಿ, ಕುಂಬಾರ ಹುಳ ಒಂದು ಬೆಳಗಿನಲ್ಲಿ ಮಣ್ಣು ತುಂಬಿಸಿ ಹೋಗುತ್ತದೆ.

ಹೊಸನಗರ ಹೊಳೆ:
ಒದ್ದೆಯಾದ ಸ್ಪೀಕರು, ಹೆಲ್ಮೆಟ್ಟು ಬಚ್ಚಲೊಲೆ ಮೇಲೆ ಒಣಗಿಸಬಹುದಾ? ಮಳೆಗಾಲದಲ್ಲಿ ಎಲ್ಲ ಒಣಗೋದು ಅಲ್ಲೇ.

ಮಳೆ ಮಾಪಕ ಆಗುಂಬೆ:
ಬೇಡ. ಕೋನಿನ ಅಂಟು ಸಡಿಲವಾಗುತ್ತದೆ, ಹೊಗೆಯ ಜಿಡ್ಡು ಜಾಲರಿಯಲ್ಲಿ ಕೂರುತ್ತದೆ. ಹೆಲ್ಮೆಟ್ ಅಂತೂ ಯಾವ ಕಾರಣಕ್ಕೂ ಬೇಡ, ಥರ್ಮಾಕೋಲ್ ಬಿಸಿಗೆ ಕುಗ್ಗುತ್ತದೆ, ಹೊರಗಿನಿಂದ ಏನೂ ಕಾಣೋದಿಲ್ಲ. ಸ್ಪೀಕರ್ ಬಿಚ್ಚಿ, ಮುಖ ಕೆಳಗೆ ಮಾಡಿ ನೀರು ಬಸಿದು, ಫ್ಯಾನ್ ಗಾಳಿಗೆ ಒಂದು ರಾತ್ರಿ. ಆಮೇಲೆ ಮುಚ್ಚುವ ಡಬ್ಬದಲ್ಲಿ ಸಿಲಿಕಾ ಜೆಲ್ 100 ಗ್ರಾಂ ಜೊತೆ ಎರಡು ದಿನ. ಪೂರ್ತಿ ಒಣಗುವ ಮೊದಲು ಕರೆಂಟ್ ಕೊಡಬೇಡಿ. ನೀರಿದ್ದಾಗ ಕರೆಂಟ್ ಹರಿದರೆ ತಾಮ್ರ ರಾತ್ರಿ ಬೆಳಗಾಗುವುದರೊಳಗೆ ಕರಗುತ್ತದೆ. ಕ್ಲಾಂಪಿಗೆ ರೆಕ್ಕೆ ನಟ್, ವೈರಿಗೆ ವಾಟರ್‌ಪ್ರೂಫ್ ಕನೆಕ್ಟರ್ ಇಟ್ಟರೆ ಎರಡು ನಿಮಿಷದಲ್ಲಿ ಬಿಚ್ಚಿ ಮನೆಯೊಳಗೆ ಇಡಬಹುದು.

ಸಾಗರದ ಸದ್ದು:
ಹಾಡು ತಯಾರಿ ಬಗ್ಗೆ. ಹೊಸನಗರ ದಾಟಿದರೆ ಎಷ್ಟೋ ಕಡೆ ನೆಟ್‌ವರ್ಕ್ ಇಲ್ಲ, ಮೊದಲೇ ಡೌನ್‌ಲೋಡ್ ಮಾಡಿಕೊಳ್ಳಿ. ಈಕ್ವಲೈಸರಿನಲ್ಲಿ 150 ಹರ್ಟ್ಸ್‌ಗಿಂತ ಕೆಳಗಿನದ್ದನ್ನ ಪೂರ್ತಿ ಇಳಿಸಿ. 3 ಇಂಚಿನ ಸ್ಪೀಕರ್ ಅದನ್ನ ನುಡಿಸಲಾರದು, ಪ್ರಯತ್ನಪಟ್ಟು ಕೋನ್ ಬಡಿದುಕೊಳ್ಳುತ್ತದೆ, ಪವರೂ ಅಲ್ಲೇ ಪೋಲು. ಇಳಿಸಿದ ಮೇಲೆ ಒಟ್ಟು ವಾಲ್ಯೂಮ್ ಎರಡು ಮೆಟ್ಟಿಲು ಏರಿಸಿದರೂ ಒಡೆಯೋದಿಲ್ಲ. 2ರಿಂದ 4 ಕಿಲೋಹರ್ಟ್ಸ್ ನಡುವೆ 3 ಡೆಸಿಬಲ್ ಏರಿಸಿ, ಮಾತು ಮುಂದೆ ಬರುತ್ತದೆ. ಮೋನೊ ಆನ್ ಮಾಡಿ. ಭಾವಗೀತೆ ಚೆನ್ನಾಗಿ ಕೇಳುವುದಕ್ಕೆ ಇಷ್ಟು ಸಾಕು, ದನಿ ಮುಂದೆ, ವಾದ್ಯ ಹಿಂದೆ ಇರುವ ಧಾಟಿ ಅದು.

ರೇಡಿಯೊ: ಭದ್ರಾವತಿ ಆಕಾಶವಾಣಿಯ ಎಫ್‌ಎಂ 103.5. ಎಫ್‌ಎಂ ಅಲೆ ಗುಡ್ಡ ಹತ್ತಿ ಇಳಿಯೋದಿಲ್ಲ, ನೇರ ಹೋಗುತ್ತದೆ. ಕಣಿವೆಗೆ ಇಳಿದಾಗ ಸರ್ ಅನ್ನೋದು ಸ್ಪೀಕರಿನ ದೋಷ ಅಲ್ಲ. ಆಂಟೆನಾ ವೈರ್ 72 ಸೆಂ.ಮೀ. ಉದ್ದ ಇಟ್ಟು ಆದಷ್ಟು ನೆಟ್ಟಗೆ, ಹೆಡ್‌ಲೈಟಿನ ವೈರಿನಿಂದ ದೂರ ಇಡಿ. ಅದನ್ನು ಸುತ್ತಿ ಹೆಡ್‌ಲೈಟ್ ಬುರುಡೆಯೊಳಗೆ ತುರುಕಿದರೆ ಶಿವಮೊಗ್ಗದಲ್ಲೇ ಸಿಗೋದಿಲ್ಲ.

ಕೊಪ್ಪ ಕಣಿವೆ:
ಫೋನನ್ನು ಹ್ಯಾಂಡಲ್ ಮೇಲೆ ಕಟ್ಟುವವರು ಗಮನಿಸಿ. ಬೈಕಿನ ನಡುಕದಿಂದ ಕ್ಯಾಮೆರಾ ಹಾಳಾಗಬಹುದು ಅಂತ ಆ್ಯಪಲ್ 2021ರಲ್ಲೇ ಎಚ್ಚರಿಸಿದೆ. ಹಾಡಿಗೆ ಫೋನ್ ಜೇಬಿನಲ್ಲಿದ್ದರೂ ಆದೀತು. ಮಳೆಯಲ್ಲಿ ಬ್ಲೂಟೂತ್ ತುಂಡಾಗುತ್ತಿದ್ದರೆ ಫೋನನ್ನು ಬೆನ್ನ ಚೀಲದಿಂದ ಎದೆ ಜೇಬಿಗೆ ತನ್ನಿ. ಒದ್ದೆ ರೈನ್‌ಕೋಟು, ಮೈ ಎರಡೂ ಆ ಅಲೆಯನ್ನು ಹೀರುತ್ತವೆ.

ಘಾಟಿ ಗಸ್ತು:
ಊರು, ಕಾಡು ಎರಡರ ಬಗ್ಗೆ ಹೇಳಿ ಮುಗಿಸುತ್ತೇನೆ. 2000ದ ಶಬ್ದಮಾಲಿನ್ಯ ನಿಯಮದ ಪ್ರಕಾರ ಆಸ್ಪತ್ರೆ, ಶಾಲೆ, ನ್ಯಾಯಾಲಯದ ಸುತ್ತ 100 ಮೀಟರ್ ನಿಶ್ಶಬ್ದ ವಲಯ, ಹಗಲು 50 ಡೆಸಿಬಲ್. ವಸತಿ ಪ್ರದೇಶದಲ್ಲಿ ಹಗಲು 55, ರಾತ್ರಿ 10ರಿಂದ ಬೆಳಗ್ಗೆ 6ರವರೆಗೆ 45. 50ರ ವೇಗಕ್ಕೆ ಹೊಂದಿಸಿದ ಹ್ಯಾಂಡಲ್ ಸ್ಪೀಕರ್ ಸಿಗ್ನಲ್ಲಿನಲ್ಲಿ ನಿಂತಾಗ ಇದೆಲ್ಲವನ್ನೂ ಎಷ್ಟೋ ಮೀರಿರುತ್ತದೆ. ಸಾಗರ ರಸ್ತೆಯಲ್ಲಿ ಮೆಗ್ಗಾನ್ ಆಸ್ಪತ್ರೆ ಮುಂದೆ ಹಾದು ಹೋಗುವಾಗ ಹೆಬ್ಬೆರಳ ಸ್ವಿಚ್ ಒತ್ತಿಬಿಡಿ.

ನಿಮ್ಮ ದಾರಿಯಲ್ಲೇ ಸಕ್ರೆಬೈಲಿನ ಆನೆ ಬಿಡಾರ ಇದೆ, ಮಂಡಗದ್ದೆಯಲ್ಲಿ ತುಂಗೆಯ ನಡುಗಡ್ಡೆಯ ಪಕ್ಷಿಧಾಮ ಇದೆ. ಮಂಡಗದ್ದೆಯಲ್ಲಿ ಬೆಳ್ಳಕ್ಕಿ, ನೀರುಕಾಗೆ ಗೂಡು ಕಟ್ಟಿ ಮರಿ ಮಾಡೋದು ಮಳೆಗಾಲದಲ್ಲೇ, ಅದೂ ಹೆದ್ದಾರಿಗೆ ಅಂಟಿಕೊಂಡೇ. ಶೆಟ್ಟಿಹಳ್ಳಿ ಕಾಡಂಚಿನಲ್ಲಿ ಸಂಜೆ ಮೇಲೆ ಕಾಟಿ ರಸ್ತೆಗೆ ಬರುತ್ತದೆ. ಪೊದೆಯೊಳಗೆ ಕಡ್ಡಿ ಮುರಿದ ಸದ್ದು ಕೇಳಿದರೆ ಬ್ರೇಕಿಗೆ ಸಮಯ ಸಿಗುತ್ತದೆ.

ತುಂಗಾತೀರ 350:
ಎಲ್ಲರಿಗೂ ಕೈಮುಗಿದೆ. ಹೀಗೆ ಮಾಡ್ತೇನೆ: 3 ಇಂಚಿನ 4 ಓಮ್ ಜೋಡಿ, ಪಾಲಿಪ್ರೊಪಿಲೀನ್ ಕೋನ್, ಐಪಿಎಕ್ಸ್6. ಟಿಪಿಎ3116 ಬೋರ್ಡ್ ಸೀಟಿನಡಿ ಪ್ಲಾಸ್ಟಿಕ್ ಡಬ್ಬಿಯಲ್ಲಿ. 5 ಆಂಪ್ ಫ್ಯೂಸ್, ರಿಲೇ, ಹೆಬ್ಬೆರಳ ಸ್ವಿಚ್. ತಾಳಮದ್ದಳೆ ಬೈಕಿನಲ್ಲಿ ಇಲ್ಲ. ವೆಂಟ್ ಪ್ಲಗ್ಗನ್ನ ಆಂಪ್ಲಿಫೈಯರ್ ಡಬ್ಬಿಗೂ ಹಾಕಬೇಕಾ? ಸ್ಪೀಕರಿಗೆ ಕೇಬಲ್ ಟೈ ಸಾಕಾ?

ಮಳೆ ಮಾಪಕ ಆಗುಂಬೆ:
ಆ ಡಬ್ಬಿಗೂ ಬೇಕು, ಬಿಸಿಯಾಗೋದು ಅದೇ ಹೆಚ್ಚು. ಕೇಬಲ್ ಟೈ ಸಾಲದು, ಬಿಸಿಲಿಗೆ ಗರಿ ಗರಿಯಾಗಿ ಒಂದು ದಿನ ತುಂಡಾಗುತ್ತದೆ. 22 ಮಿ.ಮೀ. ಹ್ಯಾಂಡಲ್‌ಗೆ ಕೂರುವ ಲೋಹದ ಕ್ಲಾಂಪ್, ಒಳಗೆ 2 ಮಿ.ಮೀ. ರಬ್ಬರ್ ಪಟ್ಟಿ, ಎಂ6 ಬೋಲ್ಟಿಗೆ ನೈಲಾನ್ ಇರುವ ನಟ್.

ಗಾಂಧಿ ಬಜಾರ್ ವೈರ್‌ಮ್ಯಾನ್:
ಹಾಗಾದರೆ ರೆಕ್ಕೆ ನಟ್ ಬೇಡ ಅಂತಾಯ್ತು ಸರ್, ಎರಡೂ ಒಟ್ಟಿಗೆ ಆಗೋದಿಲ್ಲ. ಕ್ಲಾಂಪನ್ನ ನೈಲಾನ್ ನಟ್ ಹಾಕಿ ಹ್ಯಾಂಡಲ್ ಮೇಲೇ ಬಿಟ್ಟುಬಿಡಿ. ಸ್ಪೀಕರಿಗೂ ಕ್ಲಾಂಪಿಗೂ ನಡುವೆ ಮಾತ್ರ ರೆಕ್ಕೆ ನಟ್, ಕೆಳಗೆ ಸ್ಪ್ರಿಂಗ್ ವಾಷರ್, ಜೊತೆಗೆ ಸ್ಪೀಕರಿನಿಂದ ಹ್ಯಾಂಡಲ್‌ಗೆ ಒಂದು ಸಣ್ಣ ಸ್ಟೀಲ್ ತಂತಿ ಕುಣಿಕೆ. ನಟ್ ಸಡಿಲಾದರೂ ಸ್ಪೀಕರ್ ಮುಂದಿನ ಚಕ್ರಕ್ಕೆ ಬೀಳೋದಿಲ್ಲ. 100 ಕಿ.ಮೀ. ಓಡಿದ ಮೇಲೆ ಎಲ್ಲ ನಟ್ ಒಮ್ಮೆ ಮತ್ತೆ ಬಿಗಿ ಮಾಡಿ. ರಬ್ಬರ್ ಪಟ್ಟಿ ಕೂತ ಮೇಲೆ ಅರ್ಧ ಸುತ್ತು ತಗೊಂಡೇ ತಗೊಳ್ಳುತ್ತೆ.